ಅಳಿಸಿದ ಮೊದಲ ಸಾಲು

ಲಿಂಗಂಪಲ್ಲಿ
19 ನವೆಂಬರ್ 2023

ಪ್ರೀತಿಯ ಸುವರ್ಣಾ,

ನನ್ನಿಂದ ಕಾಗದ ಬಂದದ್ದು ನೋಡಿ ನಿನಗೆ ವಿಚಿತ್ರ ಅನ್ನಿಸಬಹುದು. ನನಗೆ ಬೇರೆ ದಾರಿ ಉಳಿದಿಲ್ಲ. ಆಗಸ್ಟ್‌ನಿಂದ ನೀನು ನನ್ನ ಫೋನು ಎತ್ತಲಿಲ್ಲ. ದಸರೆಯ ನಂತರ ಫೋನು ಹೋಗುವುದೇ ನಿಂತಿತು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ ಎಂದು ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು.

ಹೋದ ಶನಿವಾರ ಕಾಲೇಜು ಮುಗಿಸಿಕೊಂಡು ನಾರಾಯಣಗೂಡದ ನಿಮ್ಮ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಯಾರೋ ಬೇರೆಯವರ ಚಪ್ಪಲಿಗಳಿದ್ದವು. ನೀವು ಮನೆ ಬಿಟ್ಟು ಎರಡು ತಿಂಗಳಾಯಿತೆಂದು ಮಾಲಕಿ ತೆಲುಗಿನಲ್ಲಿ ಹೇಳಿ ಬಾಗಿಲು ಮುಂದೆ ಮಾಡಿಕೊಂಡರು. ಆಮೇಲೆ ಮೂಲೆಯ ಇಂಟರ್‌ನೆಟ್ ಸೆಂಟರ್‌ಗೆ ಹೋದೆ. ಹನುಮಂತರಾಯರು ಮೊದಲು ನಿನ್ನ ವಿಳಾಸ ಕೊಡಲು ಒಪ್ಪಲಿಲ್ಲ. "ಆ ಹುಡಿಗಿ ನೌಕ್ರಿ ಅರ್ಜಿ ಹಾಕಾಕ ಬಂದಿತ್ರಿ. ಅದರಾಗ ವಿಳಾಸ ಐತಿ, ಆದರ ಕೇಳದ ಹ್ಯಾಂಗ ಕೊಡೂದು?" ಎಂದರು. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಮೂರು ವರ್ಷ ಜೋಡೀಲೆ ಓಡ್ಯಾಡಿದೋರು ನೀವು" ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ನೌಕರಿ ಯಾವುದು ಎಂದು ಅವರಿಗೂ ಗೊತ್ತಿರಲಿಲ್ಲ. ನಿಮ್ಮ ಅವ್ವ ಉಮಾ ಮಾವಶಿಯ ಸುಟ್ಟ ಕೈ ಈಗ ಹೇಗಿದೆ?

ನನ್ನ ಕಾಲೇಜಿನ ವಿಷಯ ಹೇಳಬೇಕೋ ಬೇಡವೋ ತಿಳಿಯದು. ಡಿಪ್ಲೊಮಾ ಮುಗಿಸಿ ಈಸೆಟ್ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಬಂದವರು ನಮ್ಮ ತರಗತಿಯಲ್ಲಿ ಆರು ಜನ. ಉಳಿದವರೆಲ್ಲ ಮೊದಲ ವರ್ಷದಿಂದ ಕೂಡಿ ಓದಿದವರು. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಗಳು ಅಚ್ಚಾದ ಪಟ್ಟಿಯ ಕೆಳಗೆ ಪೆನ್ನಿನಲ್ಲಿ ಬರೆದಿವೆ. ನಮ್ಮನ್ನು ಹೆಸರಿನಿಂದ ಯಾರೂ ಕರೆಯುವುದಿಲ್ಲ, 'ಲ್ಯಾಟರಲ್‌ಗಳು' ಎನ್ನುತ್ತಾರೆ. ಲ್ಯಾಬಿನಲ್ಲಿ ಮಾತ್ರ ನಮ್ಮ ಮರ್ಯಾದೆ ಉಳಿದಿದೆ. ಮೊದಲ ದಿನ ಅವರು ಬೆಸುಗೆ ಹಾಕಲು ಹೋಗಿ ಬೋರ್ಡು ಸುಡುತ್ತಿದ್ದಾಗ ನಾನು ನನ್ನದನ್ನು ಮುಗಿಸಿ ಪಕ್ಕದವಳದ್ದನ್ನೂ ಮಾಡಿಕೊಟ್ಟೆ. ಮುಂದಿನ ತಾಸು ಗಣಿತ. ಅಲ್ಲಿ ಅದೇ ಪಕ್ಕದವಳು ಬರೆಯುತ್ತಲೇ ಇದ್ದಳು, ನಾನು ಪೆನ್ನು ಹಿಡಿದು ಕುಳಿತಿದ್ದೆ.

ಸೀಟು ಹಂಚಿಕೆಗೆ ಆನ್‌ಲೈನಿನಲ್ಲಿ ಕಾಲೇಜುಗಳ ಆಪ್ಷನ್ ತುಂಬಿದ ದಿನದ ಬಗ್ಗೆ ನಿನ್ನ ಮನಸ್ಸಿನಲ್ಲಿ ಏನಾದರೂ ಇದ್ದರೆ ಒಂದು ಮಾತು ಹೇಳುತ್ತೇನೆ. ಅವತ್ತು ಸರ್ವರ್ ಬಹಳ ನಿಧಾನವಿತ್ತು. ನೀನು ಬರೆದುಕೊಟ್ಟ ಕಾಲೇಜುಗಳನ್ನು ನೀನು ಹೇಳಿದ ಕ್ರಮದಲ್ಲೇ ಹಾಕಿದೆ. ಸೀಟು ಯಾರಿಗೆ ಬೀಳುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

ಉತ್ತರ ಬರೆ. ಎರಡು ಸಾಲಾದರೂ ಸಾಕು.

ನಿನ್ನ
ವರ್ಷಾ


ಲಿಂಗಂಪಲ್ಲಿ
20 ಡಿಸೆಂಬರ್ 2023

ಪ್ರೀತಿಯ ಸುವರ್ಣಾ,

ಕಾಗದ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಮುಟ್ಟಿರಬೇಕು, ವಾಪಸು ಬಂದಿಲ್ಲ.

ಮೊದಲ ಆಂತರಿಕ ಪರೀಕ್ಷೆಯ ಅಂಕ ಬಂತು. ಗಣಿತದಲ್ಲಿ ಮೂವತ್ತಕ್ಕೆ ನಾಲ್ಕು. ಲೆಕ್ಚರರು ಉತ್ತರ ಪತ್ರಿಕೆ ಕೊಡುವಾಗ ಬೈಯಲಿಲ್ಲ. "ನಿಮ್ಮ ತಪ್ಪಲ್ಲ, ಮೊದಲ ವರ್ಷದ ಗಣಿತ ನೀವು ಓದಿಯೇ ಇಲ್ಲ" ಎಂದರು. ಆ ಕನಿಕರಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಹದಿನೆಂಟು ಎಂದು ಹೇಳಿದ್ದೇನೆ. ಅಪ್ಪನ ವಿಷಯ ನಿನಗೆ ಗೊತ್ತು. ಮೂವತ್ತೊಂದು ವರ್ಷ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ದುಡಿದೂ ಅವರು ಡಿಪ್ಲೊಮಾದವರಾಗಿಯೇ ಉಳಿದರು. ಅವರು ಕೆಲಸ ಕಲಿಸಿದ ಹುಡುಗರು ಇಂಜಿನಿಯರ್ ಆಗಿ ಬಂದು ಅವರ ಕೆಲಸದ ಮೇಲೆ ಸಹಿ ಮಾಡುತ್ತಾರೆ. ಈಗ ದಿನಾ ಸಂಜೆ ಬಂದು ನನ್ನ ಪುಸ್ತಕಗಳನ್ನು ತೆಗೆದು ಹಾಳೆ ತಿರುವಿ ಹಾಗೆಯೇ ಇಡುತ್ತಾರೆ. ಮೊನ್ನೆ ಕ್ವಾರ್ಟರ್ಸಿನಲ್ಲಿ ಯಾರಿಗೋ ಹೇಳುತ್ತಿದ್ದರು: "ನಮ್ಮ ವರ್ಷಾ ಯೂನಿವರ್ಸಿಟಿ ಕಾಲೇಜ್‌ನ್ಯಾಗ ಓದಾಕತ್ಯಾಳ್ರೀ, ಪ್ರೈವೇಟ್ ಅಲ್ಲ."

ಈಸೆಟ್‌ಗೆ ಮೊದಲು ನಿಮ್ಮ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿ ಕುಳಿತು ನೀನು ನನಗೆ ಗಣಿತ ಹೇಳಿಕೊಡುತ್ತಿದ್ದೆ. ಮಾವಶಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. "ನಿನಗ ತಿಳಿಯೂತನಾ ನಾ ಏಳಂಗಿಲ್ಲ" ಎನ್ನುತ್ತಿದ್ದೆ ನೀನು. ಈಗ ಕಾಲೇಜಿಗೆ ಹೋಗುವ ರೈಲಿನಲ್ಲಿ ಅದು ನೆನಪಾದರೆ ಪುಸ್ತಕ ಮುಚ್ಚಿಬಿಡುತ್ತೇನೆ.

ನನಗೆ ಬೈಯಬೇಕೆನಿಸಿದರೆ ಬೈದಾದರೂ ಬರೆ.

ವರ್ಷಾ


ದಿಲ್‌ಸುಖ್‌ನಗರ
7 ಜನವರಿ 2024

ವರ್ಷಾ,

ಎರಡೂ ಕಾಗದ ಮುಟ್ಟಿವೆ.

ಅವ್ವನ ಎಡಗೈ ಪೂರ್ತಿ ವಾಸಿಯಾಗಿದೆ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಕುದಿಯುವ ಎಸರಿನ ಪಾತ್ರೆ ಆ ಕೈಯ ಮೇಲೆಯೇ ಬಿದ್ದದ್ದು. ರೊಟ್ಟಿ ಬಡಿಯಲು ಆಗುವುದಿಲ್ಲ, ಹಾಗಾಗಿ ಖಾನಾವಳಿಗಳಿಗೆ ರೊಟ್ಟಿ ಕೊಡುವ ಕೆಲಸ ನಿಂತಿತು. ನಾವೀಗ ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದೇವೆ. ನಾನು ಅಕ್ಟೋಬರ್‌ನಿಂದ ಚರ್ಲಪಲ್ಲಿಯ ಒಂದು ಕಾರ್ಖಾನೆಗೆ ಹೋಗುತ್ತಿದ್ದೇನೆ. ಮೀಟರಿನ ಬೋರ್ಡುಗಳನ್ನು ಭೂತಗನ್ನಡಿಯಲ್ಲಿ ನೋಡಿ ಬೆಸುಗೆ ಬಿಟ್ಟುಹೋದ ಜಾಗಕ್ಕೆ ಕೆಂಪು ಬಾಣ ಅಂಟಿಸುವ ಕೆಲಸ. ದಿನಕ್ಕೆ ನಾಲ್ಕುನೂರು ಬೋರ್ಡು.

ನನಗೆ ಸಿಕ್ಕ ಕಾಲೇಜು ನಿನಗೆ ಗೊತ್ತಿದೆ. ಊರ ಹೊರಗಿನ ಪ್ರೈವೇಟು. ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿದರೆ ಸಂಜೆ ಆರಕ್ಕೆ ಮನೆ. ಅವ್ವನ ಎರಡೂ ಕೈಗೆ ಪಟ್ಟಿ ಕಟ್ಟಿತ್ತು. ತಲೆ ಬಾಚುವುದರಿಂದ ತುತ್ತು ಮಾಡಿ ತಿನ್ನಿಸುವವರೆಗೆ ನಾನೇ ಆಗಬೇಕಿತ್ತು. ಯೂನಿವರ್ಸಿಟಿ ಕಾಲೇಜಾಗಿದ್ದರೆ ನಾರಾಯಣಗೂಡದಿಂದ ಇಪ್ಪತ್ತು ನಿಮಿಷ, ಮಧ್ಯಾಹ್ನ ಮನೆಗೆ ಬಂದು ಹೋಗಬಹುದಿತ್ತು. ಆ ಪ್ರೈವೇಟು ಕಾಲೇಜಿಗೆ ನಾನು ಹೋಗಲಿಲ್ಲ, ಸೀಟು ಹೋಯಿತು.

ಎರಡನೇ ಸುತ್ತಿಗೆ ಏನಾದರೂ ಉಳಿದಿದೆಯೇ ನೋಡೋಣ ಎಂದು ಆಗಸ್ಟ್ ಕೊನೆಯಲ್ಲಿ ಹನುಮಂತರಾಯರಲ್ಲಿಗೆ ಹೋಗಿದ್ದೆ. ನನ್ನ ಲಾಗಿನ್ ತೆರೆದು ಮೊದಲ ಸುತ್ತಿನ ಆಪ್ಷನ್‌ಗಳ ಪ್ರಿಂಟು ತೆಗೆದುಕೊಟ್ಟರು. ನಾನು ನಿನಗೆ ಬರೆದುಕೊಟ್ಟ ಚೀಟಿಯಲ್ಲಿ ಒಂಬತ್ತು ಕಾಲೇಜುಗಳಿದ್ದವು. ಪ್ರಿಂಟಿನಲ್ಲಿ ಎಂಟಿವೆ. ನನ್ನ ಒಂದನೆಯದು ಅದರಲ್ಲಿಲ್ಲ. ನನ್ನ ರ‍್ಯಾಂಕು ಮೂವತ್ತೆಂಟು. ನಿನ್ನದು ಅರವತ್ತೊಂದು. ಆ ಕಾಲೇಜಿನ ನಮ್ಮ ವಿಭಾಗದ ಕೊನೆಯ ಸೀಟು ಅರವತ್ತೊಂದಕ್ಕೆ ಹೋಗಿದೆ.

ಒಂದೇ ಒಂದು ಕೇಳುತ್ತೇನೆ. ಬಿಟ್ಟುಹೋಯಿತೋ, ಬಿಟ್ಟೆಯೋ?

ಸರ್ವರ್ ವಿಷಯ ಮತ್ತೆ ಬರೆಯಬೇಡ.

ಸುವರ್ಣಾ


ಲಿಂಗಂಪಲ್ಲಿ
14 ಜನವರಿ 2024

ಸುವರ್ಣಾ,

ಬಿಟ್ಟೆ.

ಪೂರ್ತಿ ಹೇಳುತ್ತೇನೆ.

ಅವತ್ತು ಆಪ್ಷನ್ ತುಂಬಲು ಕೊನೆಯ ದಿನ, ಸಂಜೆ ಐದಕ್ಕೆ ಮುಗಿಯುತ್ತಿತ್ತು. ಇಬ್ಬರೂ ಕೂಡಿಯೇ ತುಂಬಬೇಕೆಂದು ನಾನು ಹನ್ನೊಂದಕ್ಕೇ ಸೆಂಟರಿಗೆ ಬಂದಿದ್ದೆ. ನಿನ್ನ ಫೋನು ಬಂತು. "ಅವ್ವನ ಎರಡೂ ಕೈ ಸುಟ್ಟಾವ. ದವಾಖಾನ್ಯಾಗ ಅದೀನಿ. ನನ್ನ ಚೀಟಿ ನಿನ್ನ ಕಡೆ ಐತೆಲ್ಲ, ಅದರಂಗ ತುಂಬಿಬಿಡು" ಎಂದೆ. ಹಿಂದೆ ಮಾವಶಿ ನರಳುವುದು ನನಗೆ ಕೇಳಿಸಿತು.

ಮೊದಲು ನನ್ನದು ತುಂಬಿದೆ. ಆಮೇಲೆ ನಿನ್ನದು ತೆರೆದು ಒಂಬತ್ತೂ ಹಾಕಿದೆ. ಇದು ಸುಳ್ಳಲ್ಲ, ಒಂಬತ್ತೂ ಹಾಕಿದ್ದೆ. ಸೇವ್ ಮಾಡುವ ಮೊದಲು ಅಪ್ಪ ಫೋನು ಮಾಡಿದರು. ಹಿಂದಿನ ವರ್ಷ ಆ ಕಾಲೇಜಿನ ಕೊನೆಯ ರ‍್ಯಾಂಕು ಎಷ್ಟಿತ್ತು ಎಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. "ಅರವತ್ತಕ್ಕ ನಿಂತಿತ್ತಂತ. ನೀ ಒಂದಕ್ಕ ಹೊರಗ ಉಳೀತಿ ನೋಡು. ನಸೀಬ ಅನ್ನೂದು ನಮ್ಮ ಮನಿಗೆ ಬರೂದ ಇಲ್ಲ" ಎಂದರು. ಇಷ್ಟೇ ಹೇಳಿದ್ದು. ನಿನ್ನ ಹೆಸರನ್ನು ಅವರು ಎತ್ತಲಿಲ್ಲ. ಅವರ ಮೇಲೆ ಹಾಕಲು ಇದನ್ನು ಬರೆಯುತ್ತಿಲ್ಲ.

ಫೋನು ಇಟ್ಟು ಪರದೆ ನೋಡಿದೆ. ಮೇಲಿನ ಒಬ್ಬರು ಸರಿದರೆ ನಾನು ಒಳಗೆ. ಪರದೆಯ ಮೇಲೆ ಇದ್ದದ್ದು ನಿನ್ನ ಹೆಸರು. ಮೊದಲ ಸಾಲಿನ ಮುಂದೆ ಗುರುತು ಮಾಡಿ ಅಳಿಸಿದೆ. ಕೆಳಗಿನವು ಒಂದೊಂದಾಗಿ ಮೇಲೆ ಬಂದವು. ನಿನಗೆ ಫೋನು ಮಾಡಿ ಓಟಿಪಿ ಕೇಳಿದೆ. ನೀನು ಆರು ಅಂಕಿ ಹೇಳಿದೆ.

"ಆತೇನು?" ಎಂದೆ ನೀನು.

"ಆತು" ಎಂದೆ ನಾನು.

"ನೀ ಇದ್ದಿ ಅಂತ ಆತು ನೋಡು" ಎಂದು ನೀನು ಫೋನು ಇಟ್ಟೆ.

"ಪ್ರಿಂಟ್ ತಗೀಲೇನವಾ?" ಎಂದು ಹನುಮಂತರಾಯರು ಕೇಳಿದರು. ಬೇಡವೆಂದೆ. ಅಲ್ಲಿಂದ ನೇರ ದವಾಖಾನೆಗೆ ಬಂದು ನಿನ್ನ ಪಕ್ಕ ಕುಳಿತೆ. ಸಂಜೆ ಐದಾಗುವವರೆಗೂ ಕುಳಿತಿದ್ದೆ. ಒಂದು ಮಾತು ಹೇಳಿದ್ದರೆ ನಿನ್ನ ಫೋನಿನಲ್ಲೇ ತಿದ್ದಬಹುದಿತ್ತು. ಅಳಿಸುವಾಗ ತಲೆ ಕೆಟ್ಟಿತ್ತು ಎಂದು ಹೇಳಿಕೊಳ್ಳಬಹುದು. ಆ ನಾಲ್ಕು ತಾಸಿಗೆ ಹೇಳಿಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಮಸಿ ಕಾಣುತ್ತದಲ್ಲ, ಅದು ಅದೇ.

ವರ್ಷಾ


ಲಿಂಗಂಪಲ್ಲಿ
18 ಫೆಬ್ರವರಿ 2024

ಚಿ. ಸುವರ್ಣಾಳಿಗೆ ಚನ್ನಬಸಪ್ಪ ಕಾಕಾನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಆರಾಮ ಇದ್ದೇವೆ. ನೀನೂ ಆರೋಗ್ಯದಿಂದ ಇರುವಿ ಎಂದು ನಂಬಿದ್ದೇನೆ.

ಮಗಳೇ, ವರ್ಷಾ ಮಾಡಿದ ತಪ್ಪು ನಮಗೆ ಈಗ ಹದಿನೈದು ದಿನದ ಹಿಂದೆ ತಿಳಿಯಿತು. ಗಣಿತದ ಪರೀಕ್ಷೆಯ ದಿನ ಮನೆಯಿಂದ ಹೊರಡದೆ ಕುಳಿತಿದ್ದಳು. ಅವಳ ತಾಯಿ ಕಮಲಾಕ್ಷಿ ಒತ್ತಾಯಿಸಿ ಕೇಳಿದ್ದಕ್ಕೆ ಎಲ್ಲ ಹೇಳಿದಳು. ಕೇಳಿ ನಮ್ಮಿಬ್ಬರ ಜೀವ ನೀರಾಯಿತು. ನೀನು ನಮ್ಮ ಮನೆಯಲ್ಲಿ ಉಂಡ ಹುಡುಗಿ. ಅವಳು ನಿಮ್ಮ ಮನೆಯಲ್ಲಿ ಉಂಡವಳು.

ಅವಳು ಎಲ್ಲವನ್ನೂ ಕಾಗದದಲ್ಲಿ ಬರೆದು ನಿನಗೆ ಕಳಿಸಿದ್ದಾಳಂತೆ. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಇನ್ನೊಬ್ಬರ ಲಾಗಿನ್‌ನಲ್ಲಿ ಕೈ ಹಾಕುವುದು ಪೊಲೀಸ್ ಕೇಸು ಆಗುವ ವಿಷಯ ಎಂದು ನಮ್ಮ ಕಾರ್ಖಾನೆಯ ಒಬ್ಬರು ಹೇಳಿದರು. ನಾನು ಹೆಸರು ಹೇಳದೆ ಕೇಳಿದೆ. ಸೀಟೂ ರದ್ದಾಗಬಹುದು. ರದ್ದಾದರೆ ಅದು ನಿನಗೆ ಬರುವುದಿಲ್ಲ, ಖಾಲಿ ಬೀಳುತ್ತದೆ. ಯಾರಿಗೂ ಉಪಯೋಗವಿಲ್ಲ. ನೀನು ತಿಳಿದವಳು.

ಆದ ಕಾರಣ ಆ ಕಾಗದವನ್ನು ಹರಿದು ಹಾಕಬೇಕೆಂದು ಕೈ ಮುಗಿದು ಕೇಳುತ್ತೇನೆ. ಬರುವ ವರ್ಷ ನಾನು ನಿವೃತ್ತನಾಗುತ್ತೇನೆ. ಇದೊಂದು ಕಾಗದದ ಮೇಲೆ ನಮ್ಮ ಮನೆ ನಿಂತಿದೆ ಎನ್ನಿಸುತ್ತದೆ.

ನಿನ್ನ ಕಾಕಾ
ಚನ್ನಬಸಪ್ಪ


ದಿಲ್‌ಸುಖ್‌ನಗರ
25 ಫೆಬ್ರವರಿ 2024

ಪೂಜ್ಯ ಕಾಕಾ ಅವರಿಗೆ ಸುವರ್ಣಾಳ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಾನು ಪೊಲೀಸರ ಹತ್ತಿರ ಹೋಗುವುದಿಲ್ಲ, ಕಾಲೇಜಿಗೂ ಹೋಗುವುದಿಲ್ಲ. ಇದನ್ನು ನೀವು ಕೇಳಿದಿರಿ ಎಂದು ಹೇಳುತ್ತಿಲ್ಲ. ಮೊದಲೂ ಹೋಗುವ ಮನಸ್ಸಿರಲಿಲ್ಲ. ಸೀಟು ಖಾಲಿ ಬೀಳುತ್ತದೆ ಎಂಬ ಲೆಕ್ಕ ನನಗೂ ಬರುತ್ತದೆ.

ಆದರೆ ಕಾಗದ ಹರಿಯುವುದಿಲ್ಲ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಬೋರ್ಡನ್ನು ಮುಖದ ಮುಂದೆ ಹಿಡಿದು, "ಪಡಿ ಲಿಖಿ ಹೋಕೆ ಭೀ ಯೇ ನಹೀ ದಿಖತಾ ಕ್ಯಾ?" ಎಂದು, ಓದಿಯೂ ಇದು ಕಾಣುವುದಿಲ್ಲವೇ ಎಂದು, ಹಂಗಿಸುವ ದಿನ ಇರುತ್ತದೆ. ಅವತ್ತು ಮನೆಗೆ ಬಂದು ಆ ಕಾಗದ ತೆಗೆದು ಓದುತ್ತೇನೆ. ನಾನು ದಡ್ಡಿ ಅಂತ ಇಲ್ಲಿಗೆ ಬಂದಿಲ್ಲ ಎನ್ನುವುದಕ್ಕೆ ನನ್ನ ಬಳಿ ಇರುವುದು ಅದೊಂದೇ.

ನಿಮ್ಮ ಕಾಗದದಲ್ಲಿ ನನ್ನ ಅವ್ವನ ಕೈ ಹೇಗಿದೆ ಎಂದು ನೀವು ಕೇಳಿಲ್ಲ ಕಾಕಾ. ಆದರೂ ಹೇಳುತ್ತೇನೆ. ಬಲಗೈಯ ಮೂರು ಬೆರಳು ಮಡಚುವುದಿಲ್ಲ.

ಕಮಲಾಕ್ಷಿ ಚಿಗವ್ವನವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಸುವರ್ಣಾ


ಲಿಂಗಂಪಲ್ಲಿ
3 ಮಾರ್ಚ್ 2024

ಸುವರ್ಣಾ,

ಅಪ್ಪ ನಿನಗೆ ಬರೆದದ್ದು ನನಗೆ ಗೊತ್ತಿರಲಿಲ್ಲ. ನಿನ್ನ ಉತ್ತರ ಬಂದ ಮೇಲೆ ಗೊತ್ತಾಯಿತು. ಅವರು ಅದನ್ನು ಓದಿ ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಊಟದ ಹೊತ್ತಿಗೂ ಬರಲಿಲ್ಲ. ಅವ್ವ ಹುಡುಕಿಕೊಂಡು ಹೋದಾಗ ಕ್ವಾರ್ಟರ್ಸಿನ ಗೇಟಿನ ಹತ್ತಿರ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರಂತೆ. "ಆ ಹುಡಿಗಿ ಒಂದ ಸಾಲಿನ್ಯಾಗ ನನ್ನ ಅಳತಿ ತಗೊಂತು" ಎಂದರಂತೆ.

ಒಂದು ನಿರ್ಧಾರ ಮಾಡಿದ್ದೇನೆ. ಬರುವ ವಾರ ಪ್ರಿನ್ಸಿಪಾಲರ ಹತ್ತಿರ ಹೋಗಿ ನಾನೇ ಎಲ್ಲ ಹೇಳುತ್ತೇನೆ. ಸೀಟು ಹೋದರೆ ಹೋಗಲಿ. ಹೇಗೂ ಗಣಿತ ನಾನು ಪಾಸಾಗುವುದಿಲ್ಲ. ಕೊನೆಗೆ ಪರೀಕ್ಷೆಗೆ ಹೋದೆ, ಬರೆದದ್ದು ಎರಡೇ ಹಾಳೆ. ನಿನ್ನ ಜಾಗದಲ್ಲಿ ಕುಳಿತು ಫೇಲಾಗುವುದಕ್ಕಿಂತ ಎದ್ದು ಹೋಗುವುದು ಒಳ್ಳೆಯದು.

ಹೋಗುವ ಮೊದಲು ನಿನಗೆ ತಿಳಿಸಬೇಕೆನಿಸಿತು.

ವರ್ಷಾ


ದಿಲ್‌ಸುಖ್‌ನಗರ
7 ಮಾರ್ಚ್ 2024

ವರ್ಷಾ,

ಹೋಗಬೇಡ. ಹೋದರೆ ನಿನ್ನ ಎದೆಯ ಮೇಲಿನ ಭಾರ ಇಳಿಯುತ್ತದೆ, ನನಗೆ ಏನೂ ಆಗುವುದಿಲ್ಲ. ಇಬ್ಬರಲ್ಲಿ ಒಬ್ಬರೂ ಓದದಂತಾಗುತ್ತದೆ, ಅಷ್ಟೇ.

ನಿನಗೆ ಏನಾದರೂ ಮಾಡಲೇಬೇಕಿದ್ದರೆ ಒಂದು ಕೆಲಸವಿದೆ. ನಮ್ಮ ಅವ್ವನಿಗೆ ಇದು ಯಾವುದೂ ಗೊತ್ತಿಲ್ಲ. ಅವತ್ತು ತನ್ನ ಕೈ ಸುಟ್ಟದ್ದರಿಂದಲೇ ನನ್ನ ಸೀಟು ಹೋಯಿತು ಎಂದು ಅವಳು ನಂಬಿದ್ದಾಳೆ. ನಾನು ದವಾಖಾನೆಯಲ್ಲಿ ಉಳಿದೆ, ಹೊತ್ತಿಗೆ ಸರಿಯಾಗಿ ತುಂಬಲಾಗಲಿಲ್ಲ, ಅದಕ್ಕೆ ಒಳ್ಳೆಯ ಕಾಲೇಜು ತಪ್ಪಿತು ಎಂದು. ದಿನಾ ಸಂಜೆ ನಾನು ಬಂದು ಚಪ್ಪಲಿ ಬಿಡುವಾಗ ನನ್ನ ಮುಖ ನೋಡುತ್ತಾಳೆ, ಆಮೇಲೆ ತನ್ನ ಕೈ ನೋಡುತ್ತಾಳೆ. "ಎಸರು ಇಳಸೂಮುಂದ ನಾ ಅರಿವೀ ಹಿಡಿಲಿಲ್ಲ. ನನ್ನ ಅವಸರಾ ನಿನ್ನ ಬಾಳೇ ಸುಟ್ಟಿತು" ಎನ್ನುತ್ತಾಳೆ.

ಭಾನುವಾರ ನನಗೆ ರಜೆ. ಹದಿನೇಳರಂದು ಬಾ. ನನಗೆ ಹೇಳಿದ್ದನ್ನು ಅವಳಿಗೆ ಹೇಳು. ಕಾಗದ ಬೇಡ, ಅವಳಿಗೆ ಓದಲು ಬರುವುದಿಲ್ಲ. ಎದುರಿಗೆ ಕುಳಿತು ಹೇಳು.

ಮೆಟ್ರೊ ಇಳಿದು ತರಕಾರಿ ಮಾರ್ಕೆಟ್ಟಿನ ಹಿಂದಿನ ಎರಡನೇ ಗಲ್ಲಿ, ನೀಲಿ ಗೇಟು.

ಸುವರ್ಣಾ


ದಿಲ್‌ಸುಖ್‌ನಗರ
31 ಮಾರ್ಚ್ 2024

ವರ್ಷಾ,

ನೀನು ಬಂದು ಹೋಗಿ ಎರಡು ವಾರವಾಯಿತು. ನೀನು ಹೋದ ಮೇಲೆ ಏನಾಯಿತು ಎಂದು ಹೇಳಲೇಬೇಕಾಗಿಲ್ಲ. ಆದರೂ ಬರೆಯುತ್ತಿದ್ದೇನೆ.

ಅವ್ವ ನಿನ್ನನ್ನು ನೋಡಿ ಅಷ್ಟು ಸಂತೋಷಪಡುತ್ತಾಳೆಂದು ನಾನು ಎಣಿಸಿರಲಿಲ್ಲ. ಅವಳು ಚಹಾ ಸೋಸಿ ಎಡಗೈಯಲ್ಲಿ ನಿನಗೆ ಕೊಟ್ಟು, "ಎಡಗೈಲೆ ಕೊಟ್ಟೆ ಅಂತ ಬ್ಯಾಸರಾ ಮಾಡ್ಕೋಬ್ಯಾಡ ಮಗಳ" ಎಂದಾಗ ನೀನು ಎದ್ದು ಹೋಗಿಬಿಡುತ್ತೀಯ ಎಂದುಕೊಂಡೆ. ನೀನು ಹೋಗಲಿಲ್ಲ. ಲೋಟ ಕೆಳಗಿಟ್ಟು ಹೇಳಿದೆ. ನಡುವೆ ನಿಲ್ಲಿಸದೆ, ಅಪ್ಪನ ಫೋನಿನ ಮಾತು ಎತ್ತದೆ ಹೇಳಿದೆ. ಅದನ್ನು ಗಮನಿಸಿದ್ದೇನೆ.

ಅವ್ವ ನಿನಗೆ ಒಂದು ಮಾತೂ ಆಡಲಿಲ್ಲ. ನೀನು ಗೇಟು ದಾಟುವವರೆಗೂ ಚಾಪೆಯ ಮೇಲೆ ಹಾಗೇ ಕುಳಿತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿನಗ ಇದು ಯಾವಾಗ ಗೊತ್ತಾತು?"

"ಆಗಸ್ಟ್‌ದಾಗ ಅನುಮಾನ ಬಂತು. ಸಂಕ್ರಾಂತಿಗೆ ಖರೆ ಅಂತ ಗೊತ್ತಾತು."

"ಅಲ್ಲಿಂದ ನಾ ಈ ಕೈಗೆ ಬೈಕೋತ ಕುಂತೆ. ನೀ ಕೇಳ್ಕೋತ ಕುಂತಿ" ಎಂದಳು. "ಆಕಿ ನಾಲ್ಕ ತಾಸು ಬಾಯಿ ಮುಚ್ಕೊಂಡ್ಳು. ನೀ ಏಳ ತಿಂಗಳು ಮುಚ್ಕೊಂಡಿ."

ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ಬುತ್ತಿ ಕಟ್ಟಿ ಇಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ.

ಅವ್ವನಿಗೆ ಯಾಕೆ ಹೇಳಲಿಲ್ಲ ಎಂದು ನಾನೇ ಕೇಳಿಕೊಂಡೆ. ನಿನ್ನನ್ನು ಅವಳು ಮಗಳೆಂದು ತಿಳಿದಿದ್ದಳು, ನೋಯುತ್ತಾಳೆ ಎಂದು ಸುಮ್ಮನಿದ್ದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಅದು ಪೂರ್ತಿ ಖರೆಯಲ್ಲ. ನನಗೆ ಅವಳ ಮೇಲೂ ಸಿಟ್ಟಿತ್ತು. ಕೊನೆಯ ದಿನವೇ ಯಾಕೆ ಸುಟ್ಟುಕೊಂಡಳು ಎಂದು. ಅವಳು ತನ್ನನ್ನು ಬೈದುಕೊಳ್ಳುವಾಗ ನನ್ನೊಳಗೆ ಯಾವುದೋ ಒಂದು ಭಾಗ ಬೈದುಕೊಳ್ಳಲಿ ಎನ್ನುತ್ತಿತ್ತು. ಇದನ್ನು ಬೇರೆ ಯಾರಿಗೂ ಹೇಳಲಾರೆ. ನೀನು ಇದಕ್ಕಿಂತ ಕೆಟ್ಟದ್ದು ಬರೆದು ಕಳಿಸಿದವಳು ಎಂದು ನಿನಗೆ ಬರೆಯುತ್ತಿದ್ದೇನೆ.

ನಾಲ್ಕನೇ ದಿನ ಅವ್ವ ಮಾತಾಡಿದಳು. "ಆ ಪರೀಕ್ಷಾ ಮತ್ತೊಮ್ಮೆ ಬರೀಬಹುದೇನು?" ಎಂದು ಕೇಳಿದಳು. ಬರೆಯಬಹುದು ಎಂದೆ. "ಮತ್ತ ಯಾಕ ಕುಂತಿ?" ಎಂದಳು. ಅರ್ಜಿ ಹಾಕಿದ್ದೇನೆ. ಮೇ ತಿಂಗಳಲ್ಲಿ ಪರೀಕ್ಷೆ. ಕಾರ್ಖಾನೆಯಲ್ಲಿ ಕೊನೆಯ ಎರಡು ವಾರಕ್ಕೆ ರಜೆ ಕೊಡುವುದಿಲ್ಲ ಎಂದಿದ್ದಾರೆ, ಹಾಗಾದರೆ ಬಿಡುತ್ತೇನೆ.

ನಿನಗೆ ಅವ್ವ ಏನಾದರೂ ಹೇಳಿಕಳಿಸಿದಳೇ ಎಂದು ನೀನು ಕಾಯುತ್ತಿರಬಹುದು. ಇಲ್ಲ. ನೀನು ಕುಡಿಯದೆ ಬಿಟ್ಟ ಚಹಾವನ್ನು ಚೆಲ್ಲಿ ಲೋಟ ತೊಳೆದಿಟ್ಟಳು, ಅಷ್ಟೇ.

ಸುವರ್ಣಾ


ಲಿಂಗಂಪಲ್ಲಿ
9 ಜೂನ್ 2024

ಸುವರ್ಣಾ,

ಈಸೆಟ್ ಫಲಿತಾಂಶ ಬಂದಿದೆ ಎಂದು ಗೊತ್ತು. ನಿನ್ನದು ಏನಾಯಿತೆಂದು ಯಾರನ್ನೂ ಕೇಳಿಲ್ಲ. ನನ್ನದು ಹೇಳುತ್ತೇನೆ: ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಫೇಲು, ಉಳಿದವು ಪಾಸು. ಬರುವ ವರ್ಷ ಹೊಸ ಎರಡನೇ ವರ್ಷದವರ ಜೊತೆ ಕುಳಿತು ಮತ್ತೆ ಬರೆಯಬೇಕು. ಅಪ್ಪನಿಗೆ ಈ ಸಲ ನಿಜವಾದ ಅಂಕವನ್ನೇ ಹೇಳಿದೆ. "ಸುಳ್ಳಿನ ಹದಿನೆಂಟಕ್ಕಿಂತ ಇದು ಚಲೋ" ಎಂದರು. ಆ ಹದಿನೆಂಟು ಸುಳ್ಳೆಂದು ಅವರಿಗೆ ಮೊದಲೇ ಗೊತ್ತಿತ್ತಂತೆ.

ಅಪ್ಪನಿಗೆ ಮಾವಶಿಯನ್ನು ನೋಡಲು ಬರಬೇಕೆಂದಿದೆ. ಬಸ್‌ಸ್ಟಾಪಿನವರೆಗೆ ಎರಡು ಸಲ ಹೋಗಿ ತಿರುಗಿ ಬಂದಿದ್ದಾರೆ. ನಾನು ಹೋಗಿ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಈ ಕಾಗದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ.

ವರ್ಷಾ


ದಿಲ್‌ಸುಖ್‌ನಗರ
18 ಆಗಸ್ಟ್ 2024

ವರ್ಷಾ,

ಈ ಸಲ ನನ್ನ ರ‍್ಯಾಂಕು ನಲವತ್ತನಾಲ್ಕು. ಹೋದ ವರ್ಷಕ್ಕಿಂತ ಆರು ಹಿಂದೆ. ಆರು ತಿಂಗಳು ಭೂತಗನ್ನಡಿಯಲ್ಲಿ ಬೋರ್ಡು ನೋಡಿದ್ದಕ್ಕೆ ಅದು ಹೆಚ್ಚೇ ಆಯಿತು.

ಆಪ್ಷನ್ ತುಂಬಲು ಹನುಮಂತರಾಯರಲ್ಲಿಗೇ ಹೋದೆ. ಅವ್ವ ನನ್ನ ಜೊತೆ ಬಂದು ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅಕ್ಷರ ಬರದಿದ್ದರೂ ಪರದೆಯನ್ನೇ ನೋಡುತ್ತಿದ್ದಳು. ಒಂದೊಂದು ಸಾಲು ತುಂಬಿದಾಗಲೂ ಅದು ಯಾವ ಕಾಲೇಜು, ಎಷ್ಟು ದೂರ, ಬಸ್ಸು ಯಾವುದು ಎಂದು ಕೇಳಿದಳು. ಕೊನೆಗೆ, "ಎಣಿಸು" ಎಂದಳು. ಎಣಿಸಿದೆ. "ಮತ್ತೊಮ್ಮೆ ಎಣಿಸು" ಎಂದಳು. ಹನುಮಂತರಾಯರು ಕೇಳುವ ಮೊದಲೇ ಪ್ರಿಂಟು ತೆಗೆದುಕೊಟ್ಟರು.

ಮೊದಲ ಸಾಲಿನಲ್ಲಿ ಯೂನಿವರ್ಸಿಟಿ ಕಾಲೇಜು ಹಾಕುವಾಗ ನನ್ನ ಕೈ ನಿಂತದ್ದು ನಿಜ. ಎರಡು ವರ್ಷ ದಿನಾ ನಿನ್ನ ಮುಖ ನೋಡಬೇಕಾಗುತ್ತದೆ. ಆ ಒಂದು ಕಾರಣಕ್ಕೆ ಅದನ್ನು ಬಿಟ್ಟು ಬೇರೆ ಕಡೆ ಹೋಗಲೇ ಎಂದು ಒಂದು ವಾರದಿಂದ ಯೋಚಿಸುತ್ತಿದ್ದೆ. ಆಮೇಲೆ ಅನ್ನಿಸಿತು, ಹೋದ ಸಲ ನೀನು ಬಿಡಿಸಿದೆ, ಈ ಸಲ ನಾನೇ ಬಿಟ್ಟರೆ ವ್ಯತ್ಯಾಸವೇನು? ಹಾಕಿದೆ. ಅದೇ ಬಂತು.

ಚನ್ನಬಸಪ್ಪ ಕಾಕಾ ಜುಲೈಯಲ್ಲಿ ಬಂದಿದ್ದರು. ನಿನಗೆ ಹೇಳಿದರೋ ಇಲ್ಲವೋ. ಬಾಗಿಲಲ್ಲೇ ನಿಂತು, "ಕೈ ಹ್ಯಾಂಗೈತ್ರಿ ಅಕ್ಕಾರ?" ಎಂದು ಕೇಳಿದರು. ಅವ್ವ ಕೈ ಮುಂದೆ ಮಾಡಿ ತೋರಿಸಿದಳು. ಮಡಚದ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಒಳಗೆ ಬಂದು ಕುಳಿತರು, ನೀರು ಕುಡಿದರು, ಸೀಟಿನ ಮಾತು ಯಾರೂ ಎತ್ತಲಿಲ್ಲ. ಹೋಗುವಾಗ ನನಗೆ, "ಆ ಕಾಗದ ಇಟ್ಕೋವಾ. ನಾ ಕೇಳಬಾರದಿತ್ತು" ಎಂದರು.

ಈಗ ಶುಕ್ರವಾರದ ವಿಷಯ. ನಾನು ಸರ್ಟಿಫಿಕೇಟ್ ಕೊಟ್ಟು ಕಾಲೇಜು ಸೇರಿದ ದಿನ ಅವ್ವನೂ ಬಂದಿದ್ದಳು. ಆಫೀಸಿನ ಮುಂದೆ ಸಾಲಿನಲ್ಲಿ ನಿಂತಿದ್ದಾಗ ನಾನು ನಿನ್ನನ್ನು ನೋಡಿದೆ. ನೀನು ಮೆಟ್ಟಿಲ ಆಚೆ ಕಂಬದ ಹತ್ತಿರ ಪುಸ್ತಕ ಎದೆಗೆ ಹಿಡಿದು ನಿಂತಿದ್ದೆ. ಯಾರನ್ನೋ ಹುಡುಕುವವಳಂತೆ ನೋಡಿ, ನಾನು ಕಂಡ ಕೂಡಲೇ ನೆಲ ನೋಡಿದೆ. ಆದರೂ ಹೋಗಲಿಲ್ಲ. ನಾನು ಸಹಿ ಮಾಡಿ ರಸೀದಿ ತೆಗೆದುಕೊಳ್ಳುವವರೆಗೂ ಅಲ್ಲೇ ಇದ್ದೆ.

ಅವ್ವನೂ ನೋಡಿದ್ದಳು. "ಆಕಿನ ಕರೀಲೇನು?" ಎಂದು ಕೇಳಿದಳು.

"ಬ್ಯಾಡ" ಎಂದೆ.

ಅವ್ವ ಒತ್ತಾಯ ಮಾಡಲಿಲ್ಲ. ಬಸ್ಸಿನಲ್ಲಿ ತಾರ್ನಾಕ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಕೇಳಿದಳು: "ಆಕಿಗೆ ಗಣಿತ ಹೋಗೇತಿ ಅಂದ್ಯಲ್ಲ. ನಿನಗೂ ಈ ವರ್ಷ ಅದ ಐತೇನು?"

"ಅದ ಐತಿ."

"ಪರೀಕ್ಷಾ ಯಾವಾಗ?"

"ಜನವರಿ, ಫೆಬ್ರವರಿ."

"ಭಾಳ ದಿನಾ ಅದಾವ ಬಿಡು" ಎಂದಳು.

ನಾನು ಮತ್ತೆ ಹೊಸ್ತಿಲಲ್ಲಿ ಕುಳಿತು ನಿನಗೆ ಗಣಿತ ಹೇಳಿಕೊಡಲಿ ಎಂದು ಅವ್ವನ ಮನಸ್ಸಿನಲ್ಲಿದೆ, ನನಗೆ ಗೊತ್ತು. ನನ್ನ ಮನಸ್ಸು ಅಲ್ಲಿಗೆ ಇನ್ನೂ ಬಂದಿಲ್ಲ. ಬರುತ್ತದೆ ಎಂದು ಮಾತು ಕೊಡಲಾರೆ, ಬರುವುದಿಲ್ಲ ಎಂದೂ ಬರೆಯಲಾರೆ. ಬರೆಯಲು ಎರಡು ಸಲ ನೋಡಿದೆ, ಆಗಲಿಲ್ಲ.

ನಾಳೆಯಿಂದ ನನಗೆ ಕ್ಲಾಸು. ಗಣಿತದ ತಾಸು ಬೆಳಿಗ್ಗೆ ಹತ್ತಕ್ಕೆ, ಮೇಲಿನ ಮಹಡಿಯಲ್ಲಿ. ಹೋದ ವರ್ಷ ಫೇಲಾದ ಹಳೆಯವರೂ ಬಂದು ಕೂರಬಹುದಂತೆ.

ಸುವರ್ಣಾ